ಕಾರಿನ ಸುಖ, ಕಾಯದ ಕಷ್ಟ

ಶರಣಧರ್ಮವು ಕಾಯವನ್ನು ಕಡೆಗಣಿಸಿದ ಧರ್ಮವಲ್ಲ. ಕಾಯಕವು ನಡೆಯಬೇಕಾದರೆ ಕಾಯವು ಸುಸ್ಥಿತಿಯಲ್ಲಿರಬೇಕು. ದಾಸೋಹವು ನಡೆಯಬೇಕಾದರೆ ನೆರೆಹೊರೆಯವರ ಪರಿಚಯ, ಒಡನಾಟಗಳಿರಬೇಕು. ಇವೆರಡನ್ನೂ ನಮಗೆ ಅರಿವಿಲ್ಲದಂತೆ ಸವೆಸುತ್ತಿರುವ ಅಭ್ಯಾಸವೊಂದು ಇಂದು ನಗರಗಳಲ್ಲಿ ಬೇರೂರಿದೆ. ಸಣ್ಣಪುಟ್ಟ ಕೆಲಸಗಳಿಗೂ ಕಾರನ್ನೇ ಅವಲಂಬಿಸುವುದೇ ಆ ಅಭ್ಯಾಸ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವುಗಳಲ್ಲಿ ದ್ವಿಚಕ್ರ ವಾಹನಗಳೇ ಹೆಚ್ಚೆಂಬುದು ನಿಜ. ಆದರೆ ಒಬ್ಬ ಪ್ರಯಾಣಿಕನಿಗಾಗಿ ರಸ್ತೆಯ ಅತಿ ಹೆಚ್ಚು ಜಾಗವನ್ನು ಬಳಸುವುದು ಕಾರು. ನಮ್ಮ ಇತರ ನಗರಗಳೂ ಇದೇ ದಾರಿಯಲ್ಲಿ ಸಾಗಿವೆ.

ವೃದ್ಧರಿಗೆ, ರೋಗಿಗಳಿಗೆ, ಅಂಗವಿಕಲರಿಗೆ ಕಾರು ದೊಡ್ಡ ಆಸರೆ. ಅದನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲ. ಕಾರಿನ ಸುಖ ಒಳಗೆ ಕುಳಿತವರದಾದರೆ, ಅದರ ಹೊರೆಯಲ್ಲಿ ಬಹುಪಾಲು ಹೊರಗಿರುವವರ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಸುವುದಷ್ಟೇ ಇಲ್ಲಿಯ ಆಶಯ.

ಕುಳಿತ ದೇಹಕ್ಕೆ ಆಗುವ ಹಾನಿ

ಮೊದಲಿಗೆ ಕಾರಿನಲ್ಲಿ ಕುಳಿತವರ ಸ್ಥಿತಿಯನ್ನೇ ನೋಡೋಣ. ಲಂಡನ್ ನಗರದ ಬಸ್ ನೌಕರರನ್ನು ಕುರಿತು ಜೆರ್ರಿ ಮಾರಿಸ್ ಎಂಬ ವೈದ್ಯವಿಜ್ಞಾನಿ ಮತ್ತು ಅವರ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದುದು. ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕರು ದಿನವಿಡೀ ಕುಳಿತಿರುತ್ತಿದ್ದರು. ನಿರ್ವಾಹಕರು ಟಿಕೆಟ್ ನೀಡಲು ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದರು. ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ದೈಹಿಕ ಚಟುವಟಿಕೆ ಹೃದಯವನ್ನು ಕಾಪಾಡುತ್ತದೆ ಎಂಬುದನ್ನು ಅನಂತರದ ಅನೇಕ ಸಂಶೋಧನೆಗಳು ದೃಢಪಡಿಸಿವೆ.

ಇದಕ್ಕೆ ಕಾರಣ ಸರಳ. ನಡೆಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಂಡು ಬಳಸುತ್ತವೆ. ಮೀನಖಂಡದ ಸ್ನಾಯುಗಳು ಕೆಳಗಿನ ರಕ್ತವನ್ನು ಹೃದಯದತ್ತ ಒತ್ತುತ್ತವೆ. ಗಂಟೆಗಟ್ಟಲೆ ಕುಳಿತಾಗ ಇವೆರಡೂ ಕುಂಠಿತವಾಗುತ್ತವೆ. ಮಧುಮೇಹ, ರಕ್ತದೊತ್ತಡ ಮತ್ತು ಬೊಜ್ಜಿಗೆ ಇದು ದಾರಿಮಾಡಿಕೊಡುತ್ತದೆ.

ಎಲ್ಲರ ಉಸಿರಿನಲ್ಲಿ ಕೆಲವರ ಹೊಗೆ

ವಾಹನಗಳ ಹೊಗೆಯಲ್ಲಿ ಪಿಎಂ 2.5 ಎಂಬ ಅತಿ ಸೂಕ್ಷ್ಮ ಕಣಗಳಿರುತ್ತವೆ. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕದಾದ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅತಿ ಚಿಕ್ಕವು ರಕ್ತವನ್ನೂ ಸೇರುತ್ತವೆ. ದೀರ್ಘಕಾಲ ಇವನ್ನು ಸೇವಿಸಿದರೆ ಶ್ವಾಸಕೋಶದ ರೋಗಗಳಷ್ಟೇ ಅಲ್ಲ, ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯವೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ವಾರ್ಷಿಕ ಸರಾಸರಿ ಮಿತಿ ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಾನದಂಡ 40. ವಿದ್ಯುತ್ ಕಾರು ಹೊಗೆಯುಗುಳುವುದಿಲ್ಲವಾದರೂ, ಟೈರು ಮತ್ತು ರಸ್ತೆ ಸವೆದು ಏಳುವ ಧೂಳು, ದಟ್ಟಣೆ, ಜಾಗದ ಅಭಾವಗಳು ಅದರಿಂದ ನೀಗುವುದಿಲ್ಲ.

ರಸ್ತೆಬದಿಯಲ್ಲಿ ಹೂವು, ತರಕಾರಿ ಮಾರುವ ಕಾಯಕಜೀವಿಗಳು, ಸಂಚಾರಿ ಪೊಲೀಸರು, ಪೌರಕಾರ್ಮಿಕರು ಈ ಗಾಳಿಯನ್ನು ದಿನವಿಡೀ ಸೇವಿಸುತ್ತಾರೆ. ಅವರಲ್ಲಿ ಅನೇಕರಿಗೆ ಸ್ವಂತ ಕಾರೇ ಇಲ್ಲ. ಅಪಘಾತಗಳಲ್ಲಿಯೂ ಹೀಗೆಯೇ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಅಸುನೀಗಿದರು; ಅವರಲ್ಲಿ 32,825 ಮಂದಿ ಪಾದಚಾರಿಗಳು.

ದೂರವಾಗುವ ನೆರೆಹೊರೆ

ವಾಹನದಟ್ಟಣೆ ಮನುಷ್ಯಸಂಬಂಧಗಳನ್ನೂ ಕದಡುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ವಿನ್ಯಾಸಕರು 1960ರ ದಶಕದ ಕೊನೆಯಲ್ಲಿ, ಒಂದೇ ಬಗೆಯ ಮನೆಗಳಿದ್ದ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ವಾಹನಸಂಚಾರ ವಿರಳವಾದ ಬೀದಿಯ ನಿವಾಸಿಗೆ ಸರಾಸರಿ ಮೂವರು ಸ್ನೇಹಿತರು ಆ ಬೀದಿಯಲ್ಲೇ ಇದ್ದರು. ಸಂಚಾರ ದಟ್ಟವಾದ ಬೀದಿಯಲ್ಲಿ ಒಬ್ಬರೂ ಸರಿಯಾಗಿ ಇರಲಿಲ್ಲ. ಅಲ್ಲಿ ಜನರು ಬೀದಿಗೆ ಬೆನ್ನು ಮಾಡಿ ಮನೆಯೊಳಗೇ ಉಳಿದಿದ್ದರು.

ನಮ್ಮ ಬಡಾವಣೆಗಳಲ್ಲಿಯೂ ಕಟ್ಟೆಯ ಮೇಲಿನ ಮಾತುಕತೆ, ಬೀದಿಯ ಕುಂಟೆಬಿಲ್ಲೆ ಕಡಿಮೆಯಾಗಿವೆ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ಜಾಗ ಬೇಕು. ಅದು ದಿನದ ಬಹುಪಾಲು ನಿಂತೇ ಇರುತ್ತದೆ. ಆ ಜಾಗ ಮಕ್ಕಳ ಆಟದ್ದೂ ಹಿರಿಯರ ಅಡ್ಡಾಟದ್ದೂ ಆಗಿತ್ತು. ಹೊರಗೆ ಬರಲು ಅಂಜುವ ಹಿರಿಯರನ್ನು ಒಂಟಿತನವೂ ಖಿನ್ನತೆಯೂ ಬೇಗ ಆವರಿಸುತ್ತವೆ.

ನಾವು ಮಾಡಬಹುದಾದುದು

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸ್ ನಿಲ್ದಾಣಕ್ಕೆ ಹೋಗುವಾಗ 15 ನಿಮಿಷ, ಬರುವಾಗ 15 ನಿಮಿಷ ಚುರುಕಾಗಿ ನಡೆದರೆ ಐದು ದಿನಗಳಲ್ಲಿ ಅಷ್ಟೂ ದೊರೆಯುತ್ತದೆ. ಒಂದು ಕಿಲೋಮೀಟರಿನೊಳಗಿನ ಕೆಲಸಗಳಿಗೆ ನಡೆದೇ ಹೋಗುವುದು, ಒಂದೇ ಕಡೆಗೆ ಹೋಗುವವರು ಒಂದೇ ವಾಹನದಲ್ಲಿ ಹೋಗುವುದು, ಮಕ್ಕಳನ್ನು ಗುಂಪಾಗಿ ಹಿರಿಯರೊಬ್ಬರ ಜೊತೆ ಶಾಲೆಗೆ ನಡೆಸುವುದು ಒಳ್ಳೆಯ ಆರಂಭ. ಹೃದ್ರೋಗ ಅಥವಾ ತೀವ್ರ ಮಂಡಿನೋವು ಇರುವವರು ವೈದ್ಯರ ಸಲಹೆ ಪಡೆದು ನಡಿಗೆಯನ್ನು ಕ್ರಮವಾಗಿ ಹೆಚ್ಚಿಸಬೇಕು.

ಆದರೆ ವ್ಯಕ್ತಿಯ ಸಂಕಲ್ಪವೊಂದೇ ಸಾಲದು. ಹುಬ್ಬಳ್ಳಿ–ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರ್ ಮಾರ್ಗದಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥವನ್ನು ಕಲ್ಪಿಸಿ, 2018ರಿಂದ ‘ಚಿಗರಿ’ ಬಸ್ಸುಗಳನ್ನು ಓಡಿಸಲಾಗುತ್ತಿದೆ. ಇಂಥ ವ್ಯವಸ್ಥೆಯ ಪೂರ್ಣ ಫಲ ದೊರೆಯುವುದು, ಮನೆಯಿಂದ ನಿಲ್ದಾಣದವರೆಗೆ ನಿರ್ಭಯವಾಗಿ ನಡೆಯುವ ದಾರಿ ಇದ್ದಾಗ ಮಾತ್ರ. ಆದ್ದರಿಂದ ಪಾದಚಾರಿ ಮಾರ್ಗ, ನೆರಳಿನ ಮರ, ಸುರಕ್ಷಿತ ದಾಟುದಾರಿಗಳನ್ನು ನಗರಪಾಲಿಕೆಯಿಂದ ಕೇಳಿ ಪಡೆಯುವುದೂ ಆರೋಗ್ಯರಕ್ಷಣೆಯ ಭಾಗವೇ ಆಗಿದೆ.

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಳ್ಳುತ್ತಾರೆ. ನೂರಾರು ಕಿಲೋಮೀಟರ್ ನಡೆಯುವ ಶಕ್ತಿ ನಮ್ಮ ಜನರಲ್ಲಿದೆ. ಅದರ ಒಂದಂಶವನ್ನು ನಿತ್ಯಜೀವನಕ್ಕೆ ತಂದುಕೊಂಡರೆ ನಮ್ಮ ದೇಹಕ್ಕೂ ನೆರೆಯವರ ಉಸಿರಿಗೂ ಹಿತವಾಗುತ್ತದೆ.