ದೂರದ ಭೂಕಂಪ: ನೆರವು ತಲುಪುವ ದಾರಿ ಯಾವುದು?

2015ರ ಏಪ್ರಿಲ್ 25ರಂದು ನೇಪಾಳದ ಗೋರ್ಖಾ ಜಿಲ್ಲೆಯನ್ನು ಕೇಂದ್ರವಾಗಿಸಿಕೊಂಡು 7.8 ತೀವ್ರತೆಯ ಭೂಕಂಪ ಸಂಭವಿಸಿತು. ಸುಮಾರು 9 ಸಾವಿರ ಮಂದಿ ಅಸುನೀಗಿದರು. ಲಕ್ಷಾಂತರ ಮನೆಗಳು ನೆಲಸಮವಾದವು. ಇಂಥ ಸುದ್ದಿ ಕೇಳಿದೊಡನೆ ನೆರವಾಗಬೇಕೆಂಬ ಹಂಬಲ ಮೂಡುವುದು ಸಹಜ. ಆದರೆ ವಿವೇಚನೆಯಿಲ್ಲದ ನೆರವು ಸಂತ್ರಸ್ತರಿಗೆ ಹೊರೆಯಾಗುವುದೂ ಉಂಟು.

ಹಣವೇ ಏಕೆ?

ಕಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣಕ್ಕಿರುವುದು ಒಂದೇ ರನ್‌ವೇ. ಭೂಕಂಪದ ನಂತರ ಅಲ್ಲಿ ವಿಮಾನಗಳ ದಟ್ಟಣೆ ಉಂಟಾಯಿತು. ಭೂಕುಸಿತದಿಂದ ಗುಡ್ಡಗಾಡಿನ ರಸ್ತೆಗಳು ಮುಚ್ಚಿದವು. ಇಂಥ ಸಂದರ್ಭದಲ್ಲಿ ಬೇಡದ ವಸ್ತುಗಳ ಮೂಟೆಯೊಂದು ಔಷಧಿಯ ಪೆಟ್ಟಿಗೆಯ ಜಾಗವನ್ನು ಕಸಿಯುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದಾನವಾಗಿ ಬಂದ ಹಳೆ ಬಟ್ಟೆಗಳು ರಸ್ತೆ ಬದಿಯಲ್ಲಿ ರಾಶಿ ಬಿದ್ದಿದ್ದವು. ಹಣವಾದರೆ ಅಗತ್ಯಕ್ಕೆ ತಕ್ಕಂತೆ ರೂಪ ಬದಲಿಸಬಲ್ಲದು: ಇಂದು ಟಾರ್ಪಾಲು, ಮಳೆಗಾಲಕ್ಕೆ ಮುನ್ನ ಮಾಡಿಗೆ ತಗಡಿನ ಶೀಟು. ಸ್ಥಳೀಯವಾಗಿ ಖರೀದಿಸಿದರೆ ಅಲ್ಲಿನ ಅಂಗಡಿಕಾರರೂ ಚೇತರಿಸಿಕೊಳ್ಳುತ್ತಾರೆ.

ಹಣ ನೀಡುವ ಮುನ್ನ

ರೆಡ್ ಕ್ರಾಸ್, ಯುನಿಸೆಫ್‌ನಂತಹ ಪರಿಚಿತ ಸಂಸ್ಥೆಗಳು ಅಥವಾ ಆ ಪ್ರದೇಶದಲ್ಲಿ ಮೊದಲಿನಿಂದಲೂ ದುಡಿಯುತ್ತಿರುವ ಸಂಘಗಳನ್ನು ಆರಿಸಿಕೊಳ್ಳುವುದು ಸೂಕ್ತ. ಅಪರಿಚಿತ ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬಾರದು. ಸಂಸ್ಥೆಯ ತಾಣಕ್ಕೆ ನೇರವಾಗಿ ಹೋಗಿ ಹಣ ಪಾವತಿಸಿ ರಸೀತಿ ಪಡೆಯಬೇಕು. ವೈಯಕ್ತಿಕ ಖಾತೆಗೆ ಹಣ ಕೇಳಿದರೆ ಎಚ್ಚರ ಅಗತ್ಯ.

ಹಣವಿಲ್ಲದವರು

ಕಂಪ್ಯೂಟರ್ ಬಲ್ಲವರು ಮನೆಯಿಂದಲೇ ನೆರವಾಗಬಹುದು. 2010ರ ಹೈಟಿ ಭೂಕಂಪ ಹಾಗೂ ನೇಪಾಳದ ದುರಂತದ ವೇಳೆ ಜಗತ್ತಿನ ವಿವಿಧೆಡೆಯ ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ, ಕಟ್ಟಡಗಳನ್ನು ಗುರುತಿಸಿದರು. ಪರಿಹಾರ ತಂಡಗಳು ಆ ನಕ್ಷೆಗಳನ್ನು ಬಳಸಿದವು. ಆದರೆ ತರಬೇತಿಯಿಲ್ಲದವರು ಸ್ವತಃ ಅಲ್ಲಿಗೆ ಧಾವಿಸುವುದು ತರವಲ್ಲ. ಕೊರತೆಯಿರುವ ನೀರು, ಅನ್ನ, ವಸತಿಗೆ ಅವರೂ ಪಾಲುದಾರರಾಗುತ್ತಾರೆ.

ನೆರವು ಅಗತ್ಯವಿರುವವರು ನೆರೆಯಲ್ಲೇ ಇರಬಹುದು. ಬೆಂಗಳೂರಿನ ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ ಅನೇಕ ನೇಪಾಳಿಗಳು ದುಡಿಯುತ್ತಿದ್ದಾರೆ. ಊರಿನಲ್ಲಿ ಮನೆ ಕುಸಿದಾಗ ಅಂಥವರಿಗೆ ರಜೆ, ಮುಂಗಡ ಸಂಬಳ, ಪ್ರಯಾಣದ ಟಿಕೆಟ್ ದೊರಕಿಸಿಕೊಡುವುದು ನೇರವಾಗಿ ತಲುಪುವ ಸಹಾಯ.

ಮರೆಯದಿರುವುದೇ ಮುಖ್ಯ

ನೇಪಾಳದ ಪುನರ್ನಿರ್ಮಾಣ ಪ್ರಾಧಿಕಾರಕ್ಕೆ ಮುಖ್ಯಸ್ಥರು ನೇಮಕವಾದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಆ ವೇಳೆಗೆ ದುರಂತದ ಸುದ್ದಿ ಮುಖಪುಟದಿಂದ ಮರೆಯಾಗಿತ್ತು. ಸಂತ್ರಸ್ತರು ತಗಡಿನ ಸೂರಿನಡಿ ಚಳಿಗಾಲ ಕಳೆಯುತ್ತಿದ್ದರು. ಆದ್ದರಿಂದ ಕೊಡಬಯಸಿದ ಮೊತ್ತದಲ್ಲಿ ಅರ್ಧವನ್ನು ಈಗ ನೀಡಿ, ಉಳಿದರ್ಧವನ್ನು ಆರು ತಿಂಗಳ ನಂತರಕ್ಕೆ ತೆಗೆದಿರಿಸುವುದು ಜಾಣತನ.