ಯಂತ್ರದ ಮುಂದಿನ ಮನುಷ್ಯ: ಲ್ಯೂಯಿಸ್ ಹೈನನ ಛಾಯಾಚಿತ್ರಗಳು

ಕಾರ್ಖಾನೆಗಳ ಇತಿಹಾಸವನ್ನು ಬರೆಯುವವರು ಉತ್ಪನ್ನದ ಟನ್ನುಗಳನ್ನೂ ಬಂಡವಾಳದ ಮೊತ್ತವನ್ನೂ ಲೆಕ್ಕವಿಡುತ್ತಾರೆ; ಕುಲುಮೆಯ ಮುಂದೆ ನಿಂತವನ ಮುಖ ಆ ಲೆಕ್ಕದಲ್ಲಿ ಕಾಣುವುದಿಲ್ಲ. ಆ ಮುಖವನ್ನು ನಮಗೆ ಉಳಿಸಿಕೊಟ್ಟವರಲ್ಲಿ ಅಮೆರಿಕದ ಲ್ಯೂಯಿಸ್ ಹೈನ್ (1874–1940) ಪ್ರಮುಖನು. ಆದರೆ ಆತನ ಚಿತ್ರಗಳನ್ನು ಇತಿಹಾಸದ ಆಧಾರಗಳಾಗಿ ಓದುವ ಬಗೆ ಹೇಗೆಂಬುದು ವಿಚಾರಾರ್ಹವಾದ ಪ್ರಶ್ನೆ.

ನ್ಯೂಯಾರ್ಕಿನಲ್ಲಿ ಉಪಾಧ್ಯಾಯನಾಗಿದ್ದ ಹೈನನು, ಪಾಲ್ ಕೆಲಾಗನ ನಿರ್ದೇಶನದಲ್ಲಿ 1907–08ರಲ್ಲಿ ನಡೆದ ಪಿಟ್ಸ್‌ಬರ್ಗ್ ಸಮೀಕ್ಷೆಗಾಗಿ ಆ ಉಕ್ಕಿನ ನಗರದ ಕೆಲಸಗಾರರ ಚಿತ್ರಗಳನ್ನು ತೆಗೆದನು. ಅವರಲ್ಲಿ ಅನೇಕರು ಪೂರ್ವ ಯೂರೋಪಿನಿಂದ ವಲಸೆ ಬಂದವರು. ಅಪಘಾತದಲ್ಲಿ ಅಂಗಹೀನರಾದವರ ಚಿತ್ರಗಳೂ ಇವುಗಳಲ್ಲಿವೆ. ಇವುಗಳ ಜೊತೆಗೆ ಸಮೀಕ್ಷೆಯ ಬರಹವೂ ಉಂಟು. ಕ್ರಿಸ್ಟಲ್ ಈಸ್ಟ್‌ಮನ್ ಎಂಬಾಕೆ ಎಣಿಸಿದಂತೆ, ಪಿಟ್ಸ್‌ಬರ್ಗ್ ಸೇರಿರುವ ಆಲಿಗೇನಿ ಕೌಂಟಿಯಲ್ಲಿ 1906ರ ಜುಲೈಯಿಂದ ಒಂದೇ ವರ್ಷದಲ್ಲಿ ಕೆಲಸದ ಅಪಘಾತಗಳಿಂದ ಮಡಿದವರು 526 ಮಂದಿ. ಅವರಲ್ಲಿ 195 ಮಂದಿ ಉಕ್ಕಿನ ಕಾರ್ಖಾನೆಗಳವರು. ದಿನಕ್ಕೆ 12 ಗಂಟೆಗಳ ದುಡಿಮೆಯನ್ನೂ, ಹಗಲು ಪಾಳಿ ರಾತ್ರಿಗೆ ಬದಲಾಗುವಾಗ ಒದಗುತ್ತಿದ್ದ 24 ಗಂಟೆಗಳ ದುಡಿಮೆಯನ್ನೂ ಜಾನ್ ಫಿಚ್ ವಿವರಿಸಿದನು. ಹೀಗೆ ಅಂಕಿಗೆ ಮುಖವೂ ಮುಖಕ್ಕೆ ಅಂಕಿಯೂ ದೊರೆತುವು.

ಮೊದಲನೆಯ ಮಹಾಯುದ್ಧದ ತರುವಾಯ ಹೈನನ ದೃಷ್ಟಿ ಬದಲಾಯಿತು. 1920ರ ಪ್ರಸಿದ್ಧ ಚಿತ್ರವೊಂದರಲ್ಲಿ ವಿದ್ಯುದಾಗಾರದ ತರುಣ ಮೆಕ್ಯಾನಿಕನು ಬೆನ್ನು ಬಾಗಿಸಿ, ದೊಡ್ಡ ಸ್ಪ್ಯಾನರ್ ಹಿಡಿದು, ಉಗಿಪಂಪಿನ ಕೆಲಸದಲ್ಲಿ ತೊಡಗಿದ್ದಾನೆ. ಬೆನ್ನಿನ ಬಾಗು ಯಂತ್ರದ ದುಂಡಿಗೆ ಹೊಂದಿಕೊಂಡಿದೆ. ಇದು ಭಂಗಿಯನ್ನು ಗೊತ್ತುಮಾಡಿ ತೆಗೆದ ಚಿತ್ರ. ಯಂತ್ರವು ತಾನಾಗಿ ನಡೆಯದು, ಅದನ್ನು ನಡೆಸುವವನು ಮನುಷ್ಯನೇ ಎಂಬುದು ಇದರ ಆಶಯ. 1932ರಲ್ಲಿ ಪ್ರಕಟವಾದ ಆತನ ‘ಮೆನ್ ಅಟ್ ವರ್ಕ್’ ಪುಸ್ತಕದ ಆಶಯವೂ ಇದೇ.

ಈ ಆಶಯ ಸುಳ್ಳಲ್ಲ. ಆದರೆ ಪೂರ್ಣವೂ ಅಲ್ಲ. 1919ರಲ್ಲಿ ಹೂಡಿದ ಉಕ್ಕಿನ ಕೆಲಸಗಾರರ ಮಹಾಮುಷ್ಕರವು 1920ರ ಆರಂಭದಲ್ಲಿ ಮುರಿದುಬಿದ್ದಿತು. ಯು.ಎಸ್. ಸ್ಟೀಲ್ ಕಂಪನಿಯು 12 ಗಂಟೆಗಳ ದಿನವನ್ನು ಕೈಬಿಡತೊಡಗಿದುದು 1923ರಲ್ಲಿ. ದುಡಿಮೆಯ ಘನತೆಯನ್ನು ಸಾರುವ ಚಿತ್ರಗಳು ದುಡಿಯುವವನ ದಿನವು ಎಷ್ಟು ದೀರ್ಘವೆಂಬುದನ್ನು ಹೇಳವು. ಅಂತೆಯೇ, ಅಂಗಹೀನನ ಚಿತ್ರವು ಅವನ ಕೈಗೆ ಹಿಂದೆ ಇದ್ದ ಕುಶಲತೆಯನ್ನು ಹೇಳದು.

ಆದುದರಿಂದ ವಿದ್ಯಾರ್ಥಿಯು ಇಂತಹ ಚಿತ್ರವನ್ನು ಕಂಡಾಗ, ಇದನ್ನು ಯಾರು, ಯಾರಿಗಾಗಿ, ಯಾವ ಉದ್ದೇಶದಿಂದ ತೆಗೆದರು ಎಂದು ಮೊದಲು ಕೇಳಬೇಕು. ಬಳಿಕ ಪಾಳಿ, ಕೂಲಿ, ಅಪಘಾತಗಳ ದಾಖಲೆಗಳೊಡನೆ ಅದನ್ನು ಕೂಡಿಸಿ ಓದಬೇಕು. ಬರಿಯ ಕನಿಕರವಾಗಲಿ ಬರಿಯ ಮೆಚ್ಚುಗೆಯಾಗಲಿ ಆ ಕೆಲಸಗಾರನಿಗೆ ನ್ಯಾಯ ಸಲ್ಲಿಸಲಾರದು.