ಪ್ಲೆಕ್ಸ್‌ನಿಂದ ಜೆಲ್ಲಿಫಿನ್‌ಗೆ: ಕೊಡಗಿನ ಮನೆಗೊಂದು ಸ್ವಂತ ಮೀಡಿಯಾ ಸರ್ವರ್

ಕೊಡಗಿನ ಅನೇಕ ಮನೆಗಳ ಬೀರುವಿನಲ್ಲಿ ಒಂದು ಸಾಲು ವಿಎಚ್‌ಎಸ್ ಕ್ಯಾಸೆಟ್, ಪಕ್ಕದಲ್ಲೇ ಪ್ಲಾಸ್ಟಿಕ್ ಕವರಿನ ಸೀಡಿಗಳು ಇಂದಿಗೂ ಇವೆ. ಎಂಬತ್ತು–ತೊಂಬತ್ತರ ದಶಕದ ಮದುವೆಗಳು ಕ್ಯಾಸೆಟ್ಟಿನಲ್ಲಿ, 2000ದ ನಂತರದವು ವೀಸೀಡಿ–ಡೀವೀಡಿಯಲ್ಲಿ, ಈಚಿನವು ಹಾರ್ಡ್‌ಡಿಸ್ಕಿನಲ್ಲಿ. ಮದುವೆಯೊಂದೇ ಅಲ್ಲ. ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟವಿದೆ, ಮೂಲಮನೆಯಾದ ಐನ್‌ಮನೆಯಲ್ಲಿ ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು ಸೇರಿದ ದಿನವಿದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ತಮ್ಮ ಮನೆತನದ ತಂಡ ಆಡಿದ ಪಂದ್ಯವೂ ಇರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಆ ತೇವಕ್ಕೆ ಟೇಪಿನ ಸುರುಳಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನು ಹಾಗೇ ವೀಸೀಆರ್‌ಗೆ ತುರುಕಿದರೆ ಟೇಪೂ ಹಾಳು, ಯಂತ್ರದ ಹೆಡ್ಡೂ ಹಾಳು.

ಹೀಗಾಗಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕುಟುಂಬಗಳು ಹೆಚ್ಚುತ್ತಿವೆ. ಇಳಿಸಿದ ಮೇಲೆ ಮುಂದಿನ ಪ್ರಶ್ನೆ ಹುಟ್ಟುತ್ತದೆ: ಅಜ್ಜಿ ಟೀವಿಯಲ್ಲಿ, ಮೊಮ್ಮಗಳು ಮೊಬೈಲಿನಲ್ಲಿ, ಬೆಂಗಳೂರಿನ ಮಗ ತನ್ನ ಲ್ಯಾಪ್‌ಟಾಪಿನಲ್ಲಿ ಇವನ್ನು ನೋಡುವುದು ಹೇಗೆ? ಅದಕ್ಕೆ ಬಳಕೆಯಾಗುವುದೇ ಮೀಡಿಯಾ ಸರ್ವರ್ ತಂತ್ರಾಂಶ. ಮನೆಯ ಒಂದು ಕಂಪ್ಯೂಟರಿನಲ್ಲಿ ಕಡತಗಳಿರುತ್ತವೆ. ಈ ತಂತ್ರಾಂಶ ಅವನ್ನು ವಿಂಗಡಿಸಿ, ಪೋಸ್ಟರು–ವಿವರಗಳ ಸಮೇತ ಸಾಲಾಗಿ ಜೋಡಿಸಿ, ಮನೆಯ ವೈಫೈ ಮೂಲಕ ಯಾವ ಪರದೆಗೆ ಬೇಕೋ ಆ ಪರದೆಗೆ ಕಳಿಸುತ್ತದೆ. ನೋಡಲು ನೆಟ್‌ಫ್ಲಿಕ್ಸ್‌ನಂತೆಯೇ ಇರುತ್ತದೆ, ಒಳಗಿರುವುದು ಮನೆಯವರದ್ದೇ ಸರಕು.

ಈ ಕ್ಷೇತ್ರದಲ್ಲಿ ಬಹಳ ಕಾಲ ಮುಂದಿದ್ದ ಹೆಸರು ಪ್ಲೆಕ್ಸ್. ಇಂದು ಅದು ಅಮೆರಿಕದ ಕಂಪನಿಯೊಂದರ ವಾಣಿಜ್ಯ ತಂತ್ರಾಂಶವಾದರೂ ಅದರ ಬೇರು ಇರುವುದು ಮುಕ್ತ ತಂತ್ರಾಂಶದಲ್ಲೇ. ಇಂದು ಕೋಡಿ ಎಂದು ಕರೆಯುವ, ಆಗ ಎಕ್ಸ್‌ಬಿಎಂಸಿ ಎಂಬ ಹೆಸರಿದ್ದ ಮುಕ್ತ ತಂತ್ರಾಂಶವನ್ನು ಆ್ಯಪಲ್ ಮ್ಯಾಕ್‌ಗೆ ಒಗ್ಗಿಸುವ ಕೆಲಸದಿಂದ ಪ್ಲೆಕ್ಸ್ ಹುಟ್ಟಿತು. ಅದು ಬೆಳೆದದ್ದಕ್ಕೆ ಕಾರಣವೂ ಇದೆ: ಸುಲಭ, ಅಂದ, ಎಲ್ಲ ಬಗೆಯ ಟೀವಿಗೂ ಆ್ಯಪ್. ತಂತ್ರಜ್ಞಾನದ ಗಂಧ ಇಲ್ಲದವರೂ ಅರ್ಧ ಗಂಟೆಯಲ್ಲಿ ನಡೆಸಬಹುದಿತ್ತು.

ಬದಲಾವಣೆ ಬಂದದ್ದು ಏಪ್ರಿಲ್ 29, 2025ರಂದು. ಅಂದಿನಿಂದ ಮನೆಯ ಹೊರಗಿನಿಂದ ತಮ್ಮದೇ ಸರ್ವರಿನ ವೀಡಿಯೊ ನೋಡುವುದಕ್ಕೂ ಹಣ ಕೊಡಬೇಕಾಯಿತು. ಸರ್ವರ್ ಇಟ್ಟವರು ಪ್ಲೆಕ್ಸ್ ಪಾಸ್ ಎಂಬ ಚಂದಾ ಕೊಂಡಿರಬೇಕು. ಇಲ್ಲವಾದರೆ ನೋಡುವವರು ತಿಂಗಳಿಗೆ 1.99 ಡಾಲರ್ ತೆರಬೇಕಾಯಿತು. ಅದೇ ದಿನ ಆಜೀವ ಪಾಸಿನ ಬೆಲೆ 119.99 ಡಾಲರಿನಿಂದ 249.99 ಡಾಲರಿಗೆ ಏರಿತು. ಅಂದಿನ ವಿನಿಮಯ ದರದಲ್ಲಿ 21 ಸಾವಿರ ರೂಪಾಯಿಗೂ ಮೇಲೆ. ಮೊದಲೇ ಆಜೀವ ಪಾಸ್ ಕೊಂಡವರಿಗೆ ಇದರಿಂದ ತೊಂದರೆಯಾಗಲಿಲ್ಲ. ಕಂಪನಿಗೂ ಸಂಬಳ, ಬಾಡಿಗೆ ಇರುತ್ತದೆ, ದುಡ್ಡು ಕೇಳುವುದು ತಪ್ಪೂ ಅಲ್ಲ. ಆದರೆ ನಿನ್ನೆವರೆಗೆ ಪುಕ್ಕಟೆಯಾಗಿದ್ದ, ತಮ್ಮದೇ ಯಂತ್ರ ತಮ್ಮದೇ ಕರೆಂಟಿನಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಇಂದಿನಿಂದ ಶುಲ್ಕ ಎಂದು ದೂರದ ಕಂಪನಿ ತೀರ್ಮಾನಿಸಬಹುದು ಎಂಬುದು ಅಂದು ಬಳಕೆದಾರರಿಗೆ ಸ್ಪಷ್ಟವಾಯಿತು. ಕಣಜ ನಮ್ಮದು, ಭತ್ತ ನಮ್ಮದು, ಬೀಗದ ಕೈ ಮಾತ್ರ ಇನ್ಯಾರದೋ ಸೊಂಟದಲ್ಲಿ.

ಕೊಡಗಿನವರಿಗೆ ದುಡ್ಡಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಮಳೆ. ಮಳೆಗಾಲದ ಕಕ್ಕಡ ಮಾಸದಲ್ಲಿ ಮರ ಬಿದ್ದು ತಂತಿ ಹರಿದರೆ ಇಂಟರ್‌ನೆಟ್ ದಿನಗಟ್ಟಲೆ ಇರುವುದಿಲ್ಲ. ಜನ ಮನೆಯಲ್ಲೇ ಕೂತು ಏನಾದರೂ ನೋಡೋಣ ಎನ್ನುವ ಕಾಲವೂ ಅದೇ. ಪ್ಲೆಕ್ಸ್‌ನಲ್ಲಿ ಬಳಕೆದಾರರ ಖಾತೆ ಕಂಪನಿಯ ಜಾಲತಾಣದಲ್ಲಿ ಇರುತ್ತದೆ. ಒಳಗೆ ಬರುವವರು ಯಾರೆಂದು ಖಾತ್ರಿ ಮಾಡಿಕೊಳ್ಳುವುದು ಅಲ್ಲಿಂದಲೇ. ಲೈನ್ ಹೋದಾಗಲೂ ಮನೆಯೊಳಗೆ ನಡೆಯುವಂತೆ ಮಾಡಲು ಒಂದು ಸೆಟ್ಟಿಂಗ್ ಇದೆ ನಿಜ, ಆದರೆ ಅದನ್ನು ಮುಂಚೆಯೇ ಮಾಡಿಟ್ಟಿರಬೇಕು. ಮಾಡದಿದ್ದವರಿಗೆ ಪಕ್ಕದ ಕೋಣೆಯ ಹಾರ್ಡ್‌ಡಿಸ್ಕಿನಲ್ಲಿರುವ ತಮ್ಮ ಮದುವೆಯ ವೀಡಿಯೊವೇ ತೆರೆಯದೆ ಹೋಗಬಹುದು.

ಇಲ್ಲಿ ಬರುತ್ತದೆ ಜೆಲ್ಲಿಫಿನ್. ಅದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಪ್ಲೆಕ್ಸ್‌ಗೆ ಪೈಪೋಟಿಯಾಗಿ ಎಂಬಿ ಎಂಬ ತಂತ್ರಾಂಶವಿತ್ತು. ಅದರ ಮೂಲ ಸಂಕೇತ ಬಹುಪಾಲು ಎಲ್ಲರಿಗೂ ತೆರೆದಿತ್ತು. 2018ರ ಕೊನೆಯಲ್ಲಿ ಎಂಬಿ ತಂಡ ಅದನ್ನು ಮುಚ್ಚಿಬಿಟ್ಟಿತು. ಬೇಸರಗೊಂಡ ಕೆಲವರು ತೆರೆದಿದ್ದ ಕೊನೆಯ ಆವೃತ್ತಿಯನ್ನು, ಅಂದರೆ 3.5.2ನ್ನು ಎತ್ತಿಕೊಂಡು ಡಿಸೆಂಬರ್ 2018ರಲ್ಲಿ ಬೇರೆ ಕವಲಾಗಿ ನಡೆಸತೊಡಗಿದರು. ಅದೇ ಜೆಲ್ಲಿಫಿನ್. ಜಿಪಿಎಲ್ ಎಂಬ ಮುಕ್ತ ಪರವಾನಗಿ ಇದ್ದುದರಿಂದ ಹೀಗೆ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂದು ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಅದನ್ನು ಬೆಳೆಸುತ್ತಿದ್ದಾರೆ. ಹಣ ಕೊಟ್ಟರೆ ಮಾತ್ರ ತೆರೆಯುವ ಸೌಲಭ್ಯ ಒಂದೂ ಇಲ್ಲ. ಕಂಪನಿಯಲ್ಲಿ ಖಾತೆ ತೆರೆಯಬೇಕಿಲ್ಲ. ಬಳಕೆದಾರರ ಹೆಸರು, ಗುಪ್ತಪದ ಎಲ್ಲವೂ ಮನೆಯ ಯಂತ್ರದಲ್ಲೇ ಇರುತ್ತವೆ. ಹೊರಗಿನ ಲೈನ್ ಹೋದರೂ ಮನೆಯ ವೈಫೈ ರೂಟರ್‌ಗೆ ಕರೆಂಟ್ ಇರುವವರೆಗೆ ಟೀವಿಯಲ್ಲಿ ಚಿತ್ರ ಓಡುತ್ತದೆ.

ಇನ್ನೊಬ್ಬರ ಅಪ್ಪಣೆ ಬೇಕಿಲ್ಲದ ತಂತ್ರಾಂಶದ ಬೆಲೆ ಭಾರತದ ಬಳಕೆದಾರರಿಗೆ 2022ರಲ್ಲೊಮ್ಮೆ ಗೊತ್ತಾಗಿತ್ತು. ಆ ವರ್ಷ ಫೆಬ್ರವರಿಯಿಂದ ನವೆಂಬರ್‌ವರೆಗೆ ವೀಡಿಯೊ ನೋಡುವ ಮುಕ್ತ ತಂತ್ರಾಂಶವಾದ ವಿಎಲ್‌ಸಿ ಪ್ಲೇಯರಿನ ಜಾಲತಾಣ ದೇಶದಲ್ಲಿ ತೆರೆಯುತ್ತಿರಲಿಲ್ಲ. ಆದರೂ ಕಂಪ್ಯೂಟರುಗಳಲ್ಲಿ ಅದಾಗಲೇ ಇದ್ದ ವಿಎಲ್‌ಸಿ ಎಂದಿನಂತೆ ಕೆಲಸ ಮಾಡಿತು, ಲಿನಕ್ಸ್ ಬಳಸುವವರಿಗೆ ಹೊಸದಾಗಿಯೂ ಸಿಕ್ಕಿತು. ಕನ್ನಡದವರಿಗೆ ಇನ್ನೂ ಹಳೆಯ ಪಾಠವಿದೆ. ಯೂನಿಕೋಡ್ ಬರುವ ಮುಂಚೆ ಒಂದೊಂದು ಕನ್ನಡ ತಂತ್ರಾಂಶಕ್ಕೆ ಒಂದೊಂದು ಅಕ್ಷರ ಸಂಕೇತವಿತ್ತು. ಆಗ ಬೆರಳಚ್ಚಿಸಿದ ಪುಸ್ತಕ, ದಾಖಲೆಗಳನ್ನು ಈಗ ತೆರೆದರೆ ಪರದೆಯ ಮೇಲೆ ಅರ್ಥವಿಲ್ಲದ ಗುರುತುಗಳು; ಪರಿವರ್ತಕ ಸಿಕ್ಕರಷ್ಟೇ ಕನ್ನಡ.

ಹಾಗಾದರೆ ಪ್ಲೆಕ್ಸ್‌ನಿಂದ ಜೆಲ್ಲಿಫಿನ್‌ಗೆ ಬರುವುದು ಕಷ್ಟವೇ? ವೀಡಿಯೊ ಕಡತಗಳ ಮಟ್ಟಿಗೆ ಏನೂ ಕಷ್ಟವಿಲ್ಲ. ಅವು ಎಲ್ಲಿದ್ದವೋ ಅಲ್ಲೇ ಇರುತ್ತವೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಯಾವುದಿದ್ದರೂ ಅದೇ ಕಂಪ್ಯೂಟರಿನಲ್ಲಿ ಜೆಲ್ಲಿಫಿನ್ ಹಾಕಿ, ಬ್ರೌಸರಿನಲ್ಲಿ ಆ ಯಂತ್ರದ ವಿಳಾಸದ ಮುಂದೆ 8096 ಎಂಬ ಪೋರ್ಟ್ ಸಂಖ್ಯೆ ಕೊಟ್ಟು ತೆರೆದು, ಅದೇ ಫೋಲ್ಡರನ್ನು ತೋರಿಸಿದರೆ ಸಾಕು. ಎರಡೂ ತಂತ್ರಾಂಶಗಳು ಒಂದೇ ಫೋಲ್ಡರಿನ ಮೇಲೆ ಅಕ್ಕಪಕ್ಕ ನಡೆಯುತ್ತವೆ. ಮನೆಯವರು ಕೆಲವು ವಾರ ಎರಡನ್ನೂ ನೋಡಿ, ಆಮೇಲೆ ಹಳೆಯದನ್ನು ತೆಗೆಯಬಹುದು. ಯಾವ ಚಿತ್ರವನ್ನು ಎಲ್ಲಿಯವರೆಗೆ ನೋಡಿದ್ದಾಗಿತ್ತು ಎಂಬ ಗುರುತು ಮಾತ್ರ ತಾನಾಗಿ ಬರುವುದಿಲ್ಲ.

ಬೆವರು ಸುರಿಸಬೇಕಾದ್ದು ಕಡತಗಳನ್ನು ಸರಿಪಡಿಸುವಲ್ಲಿ. ಮದುವೆಯ ವೀಸೀಡಿಯನ್ನು ಕಂಪ್ಯೂಟರಿಗೆ ಹಾಕಿ ನೋಡಿ: ಒಳಗೆ ‘ಎಂಪಿಇಜಿಎವಿ’ ಎಂಬ ಫೋಲ್ಡರ್, ಅದರಲ್ಲಿ ‘ಎವಿಎಸ್‌ಇಕ್ಯೂ01’ ಎಂಬ ಹೆಸರಿನ, ‘ಡಿಎಟಿ’ ಎಂದು ಕೊನೆಯಾಗುವ ಕಡತ. ಪ್ರತಿಯೊಂದು ವೀಸೀಡಿಯಲ್ಲೂ ಇದೇ ಹೆಸರು. ಒಂದು ಡಿಸ್ಕಿಗೆ ಹಿಡಿಸುವುದು ಎಪ್ಪತ್ತು–ಎಂಬತ್ತು ನಿಮಿಷ. ಹೀಗಾಗಿ ಒಂದು ಮದುವೆಗೆ ಎರಡು ಮೂರು ಡಿಸ್ಕು. ಎಲ್ಲವನ್ನೂ ಒಂದೇ ಫೋಲ್ಡರಿಗೆ ನಕಲು ಮಾಡಿದರೆ ಒಂದರ ಮೇಲೊಂದು ಕೂತು, ಚಿಕ್ಕಪ್ಪನ ಮದುವೆಯನ್ನು ಅತ್ತೆಯ ಮದುವೆ ಅಳಿಸಿಹಾಕುತ್ತದೆ. ಪ್ರತಿ ಡಿಸ್ಕಿಗೂ ಬೇರೆ ಫೋಲ್ಡರ್ ಮಾಡಿ, ‘2003 ಮದುವೆ ವಿರಾಜಪೇಟೆ 1’ ಎಂಬಂತೆ ವರ್ಷ ಮೊದಲಿಟ್ಟು ಹೆಸರು ಕೊಡಬೇಕು. ಕನ್ನಡದಲ್ಲೇ ಕೊಡಬಹುದು. ಆಮೇಲೆ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ಉಪಕರಣದಿಂದ ಆ ಕಡತವನ್ನು ಎಂಪಿ4 ಆಗಿ ಬದಲಿಸಬೇಕು. ಚಿತ್ರದ ಅಳತೆ ಬರೀ 352×288 ಚುಕ್ಕೆ; ದೊಡ್ಡ ಟೀವಿಯಲ್ಲಿ ಮಸುಕಾಗಿಯೇ ಕಾಣುತ್ತದೆ, ಅದಕ್ಕೆ ಮದ್ದಿಲ್ಲ. ಮೂಲ ಡಿಎಟಿ ಕಡತವನ್ನು ಅಳಿಸದೆ ಪಕ್ಕಕ್ಕಿಡುವುದು ಒಳ್ಳೆಯದು.

ಸಿನಿಮಾಗಳ ಪೋಸ್ಟರು–ವಿವರಗಳನ್ನು ಜೆಲ್ಲಿಫಿನ್ ಅಂತರ್ಜಾಲದ ದತ್ತಾಂಶಕೋಶಗಳಿಂದ ತಂದುಕೊಳ್ಳುತ್ತದೆ. ಕೊಂಡ ಡಿಸ್ಕಿನಿಂದ ಇಳಿಸಿದ ‘ಬಂಗಾರದ ಮನುಷ್ಯ’ಕ್ಕೆ ಹೆಸರಿನ ಮುಂದೆ ಆವರಣದಲ್ಲಿ 1972 ಎಂದು ಬರೆದರೆ ಹುಡುಕಿಕೊಳ್ಳುತ್ತದೆ. ಆದರೆ ಅದೇ ವರ್ಷ ಬಂದ ಮೊದಲ ಕೊಡವ ಚಿತ್ರ ‘ನಾಡ ಮಣ್ಣೇ ನಾಡ ಕೂಳ್’ನಂಥವಕ್ಕೆ ಅಂಥ ಕೋಶಗಳನ್ನು ನೆಚ್ಚಿಕೊಳ್ಳುವಂತಿಲ್ಲ, ಮನೆಯ ವೀಡಿಯೊಗಳ ವಿಷಯ ಕೇಳುವುದೇ ಬೇಡ. ಅವಕ್ಕೆ ‘ಮನೆಯ ವೀಡಿಯೊ ಮತ್ತು ಫೋಟೊ’ ಎಂಬ ಬೇರೆ ವಿಭಾಗವನ್ನು ಆರಿಸಿಕೊಂಡು ವಿವರಗಳನ್ನು ಕೈಯಾರೆ ಬರೆಯಬೇಕು. ಬರೆದದ್ದನ್ನು ‘ಎನ್‌ಎಫ್‌ಒ’ ಎಂಬ ಸಣ್ಣ ಪಠ್ಯ ಕಡತವಾಗಿ ವೀಡಿಯೊದ ಪಕ್ಕದಲ್ಲೇ ಉಳಿಸುವ ಆಯ್ಕೆ ಜೆಲ್ಲಿಫಿನ್‌ನಲ್ಲಿದೆ. ಇದನ್ನು ಮೊದಲ ದಿನವೇ ಆನ್ ಮಾಡಬೇಕು. ನೋಟ್‌ಪ್ಯಾಡಿನಲ್ಲೂ ತೆರೆಯುವ ಕಡತ ಅದು. ಓಲಗದ ಪಕ್ಕ ನಿಂತವರು ಯಾರು, ಎರಡನೆಯ ಗೋಲು ಹೊಡೆದದ್ದು ಯಾರು ಎಂದು ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದದ್ದೆಲ್ಲ ಅಲ್ಲಿರುತ್ತದೆ. ನಾಳೆ ಜೆಲ್ಲಿಫಿನ್ ಬಿಟ್ಟು ಇನ್ನೊಂದಕ್ಕೆ ಹೋದರೂ ಆ ಶ್ರಮ ಮನೆಯಲ್ಲೇ ಉಳಿಯುತ್ತದೆ.

ಕನ್ನಡ ಸಬ್‌ಟೈಟಲ್ ಹಾಕುವವರಿಗೆ ಒಂದು ಸೂಚನೆ. ಅಕ್ಷರಗಳ ಬದಲು ಚೌಕಗಳು ಕಂಡರೆ ಸರ್ವರಿನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ತಿಳಿಯಬೇಕು. ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟನ್ನು ಒಂದು ಫೋಲ್ಡರಿನಲ್ಲಿಟ್ಟು, ಬದಲಿ ಫಾಂಟುಗಳ ಜಾಗ ಅದೇ ಎಂದು ಸೆಟ್ಟಿಂಗ್‌ನಲ್ಲಿ ತೋರಿಸಬೇಕು.

ಯಂತ್ರಕ್ಕೆ ದೊಡ್ಡ ಖರ್ಚು ಬೇಡ. ಟೀವಿಗೆ ಅರ್ಥವಾಗುವ ರೂಪದಲ್ಲೇ ವೀಡಿಯೊ ಇದ್ದರೆ ಸರ್ವರ್ ಅದನ್ನು ಹಾಗೇ ದಾಟಿಸುತ್ತದೆ. ಹಳೆಯ ಲ್ಯಾಪ್‌ಟಾಪಿಗೂ ಅದು ಹಗುರ ಕೆಲಸ. ಹೊಸ ಫೋನುಗಳು ಎಚ್‌ಇವಿಸಿ ರೂಪದಲ್ಲಿ ತೆಗೆದ ವೀಡಿಯೊವನ್ನು ಹಳೆಯ ಟೀವಿಗೆ ತೋರಿಸಬೇಕಾದಾಗ ಮಾತ್ರ ಓಡುತ್ತಿರುವಂತೆಯೇ ರೂಪ ಬದಲಿಸಬೇಕು. ಆಗ ಪ್ರೊಸೆಸರಿನ ಗ್ರಾಫಿಕ್ಸ್ ಭಾಗದ ನೆರವು ಬೇಕಾಗುತ್ತದೆ. ಪ್ಲೆಕ್ಸ್‌ನಲ್ಲಿ ಅದು ಹಣ ಕೊಟ್ಟವರಿಗೆ ಮಾತ್ರ, ಜೆಲ್ಲಿಫಿನ್‌ನಲ್ಲಿ ಎಲ್ಲರಿಗೂ. ಲ್ಯಾಪ್‌ಟಾಪಿನ ಬ್ಯಾಟರಿಯೇ ಕರೆಂಟ್ ಹೋದಾಗ ಆಸರೆ, ಆದರೆ ಸದಾ ಚಾರ್ಜಿಗಿಟ್ಟ ಹಳೆಯ ಬ್ಯಾಟರಿ ಉಬ್ಬಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕಿತ್ತಿಡುವ ಹಳೆಯ ಅಭ್ಯಾಸವನ್ನು ಬಿಡಬಾರದು.

ಬೆಂಗಳೂರಿನ ಮಗನಿಗೆ, ದುಬೈನ ಮಗಳಿಗೆ ತೋರಿಸುವುದು ಹೇಗೆ? ಸೌಕರ್ಯದಲ್ಲಿ ಪ್ಲೆಕ್ಸ್ ಗೆಲ್ಲುವುದು ಇಲ್ಲಿ. ಅದು ಮಧ್ಯೆ ನಿಂತು ದಾರಿ ಮಾಡಿಕೊಡುತ್ತದೆ. ಜೆಲ್ಲಿಫಿನ್‌ನಲ್ಲಿ ದಾರಿ ತಾವೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಅನೇಕ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿಸಿ ಒಂದೇ ಸಾರ್ವಜನಿಕ ವಿಳಾಸ ಕೊಡುತ್ತವೆ. ಹೀಗಾಗಿ ಹೊರಗಿನಿಂದ ನೇರವಾಗಿ ಮನೆಯ ಯಂತ್ರವನ್ನು ತಲುಪಲು ಆಗುವುದಿಲ್ಲ. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲದ ಸೇವೆಯನ್ನು ಎರಡೂ ಕಡೆ ಹಾಕಿಕೊಂಡರೆ ಕೆಲಸ ನಡೆಯುತ್ತದೆ, ಮನೆಬಳಕೆಗೆ ಅದು ಉಚಿತ. ಅದೂ ಒಂದು ಕಂಪನಿಯ ಸೇವೆಯೇ. ಆ ಅವಲಂಬನೆಯೂ ಬೇಡವೆನ್ನುವವರಿಗೆ ಹೆಡ್‌ಸ್ಕೇಲ್ ಎಂಬ ಮುಕ್ತ ಪರ್ಯಾಯವಿದೆ, ಪಾಡು ಜಾಸ್ತಿ. ಸರ್ವರನ್ನು ಬಯಲು ಇಂಟರ್‌ನೆಟ್ಟಿಗೆ ನೇರವಾಗಿ ತೆರೆದಿಡುವುದು, ಅಪ್‌ಡೇಟ್ ಮುಂದೂಡುವುದು ಎರಡೂ ಅಪಾಯ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಗುಪ್ತಪದ ಕಂಪನಿಯ ಕನ್ನಕ್ಕೆ ದಾರಿಯಾದದ್ದು ಅದರ ಎಂಜಿನಿಯರೊಬ್ಬರ ಮನೆಯ ಕಂಪ್ಯೂಟರಿನಲ್ಲಿ ಅಪ್‌ಡೇಟ್ ಆಗದೆ ಉಳಿದಿದ್ದ ಮೀಡಿಯಾ ಸರ್ವರ್. ಮುಕ್ತ ತಂತ್ರಾಂಶಕ್ಕೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.

ಕೊರತೆಗಳು ಬೇರೆಯೂ ಇವೆ. ಆಂಡ್ರಾಯ್ಡ್ ಟೀವಿ, ಫೈರ್ ಸ್ಟಿಕ್‌ಗಳಿಗೆ ಆ್ಯಪ್ ಸಲೀಸಾಗಿ ಸಿಗುತ್ತದೆ, ಎಲ್ಲ ಟೀವಿಗಳಲ್ಲೂ ಅಷ್ಟು ಸಲೀಸಲ್ಲ. ಏನಾದರೂ ಕೆಟ್ಟರೆ ಫೋನ್ ಮಾಡಲು ಸಹಾಯವಾಣಿ ಇಲ್ಲ. ಕುಟುಂಬದಲ್ಲಿ ಒಬ್ಬರಾದರೂ ಕಲಿತುಕೊಂಡು ಹೊಣೆ ಹೊರಬೇಕು, ಗುಪ್ತಪದವನ್ನು ಕಾಗದದಲ್ಲಿ ಬರೆದು ಇನ್ನೊಬ್ಬರ ಕೈಗೂ ಕೊಟ್ಟಿರಬೇಕು. ಅಷ್ಟು ಹೊಣೆಯನ್ನು ಒಪ್ಪಿಕೊಳ್ಳಲು ಕೊಡಗಿನ ಮನೆತನಗಳಿಗೆ ತಕ್ಕ ಕಾರಣವಿದೆ.

ಊರಿನ ಸರಕನ್ನು ಊರಿನಲ್ಲೇ ಇಟ್ಟುಕೊಳ್ಳುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. ತುಮಕೂರು ಬಳಿಯ ದೇವರಾಯನದುರ್ಗದ ಸುತ್ತ ಟಿ.ಬಿ. ದಿನೇಶ್ ಅವರ ಜನಸ್ತು ಸಂಸ್ಥೆ ಹಳ್ಳಿಗರ ಒಡೆತನದ ವೈಫೈ ಜಾಲವನ್ನು ಕಟ್ಟುವ ಕೆಲಸ ಮಾಡಿದೆ. ಜನರ ಮಾತುಗಳ ಧ್ವನಿಮುದ್ರಣಗಳನ್ನು ಆ ಜಾಲದೊಳಗೇ ಇಟ್ಟು, ಓದು–ಬರಹ ಬಾರದವರೂ ಅವಕ್ಕೆ ಟಿಪ್ಪಣಿ ಸೇರಿಸುವಂಥ ಉಪಕರಣಗಳನ್ನು ಅದು ರೂಪಿಸಿದೆ. ಒಂದು ಒಕ್ಕದ ಹಲವು ಮನೆಗಳು ಒಂದೇ ಊರಲ್ಲಿರುವ ಕೊಡಗಿನಲ್ಲಿ ಈ ಮಾದರಿ ಚೆನ್ನಾಗಿ ಒಗ್ಗೀತು.

ಕೊನೆಯದಾಗಿ, ಮೀಡಿಯಾ ಸರ್ವರ್ ಎಂದರೆ ಬ್ಯಾಕಪ್ ಅಲ್ಲ. ಆಗಸ್ಟ್ 2018ರಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತ ಗುಡ್ಡ ಕುಸಿದಾಗ ಮನೆಗೆ ಮನೆಯೇ ಕೊಚ್ಚಿಹೋಯಿತು. ಅದರೊಳಗಿನ ಫೋಟೊ, ಕ್ಯಾಸೆಟ್ಟುಗಳೂ ಹೋದವು. ಇನ್ನೊಂದು ಪ್ರತಿ ಬೆಟ್ಟದ ಕೆಳಗೆ, ಬೇರೆ ಊರಿನಲ್ಲಿರುವ ಮನೆಯಲ್ಲಿ ಇರಲೇಬೇಕು. ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶ ಎರಡು ಮನೆಗಳ ಫೋಲ್ಡರುಗಳನ್ನು ಒಂದೇ ಸಮ ಇಡುತ್ತದೆ. ಒಂದು ಟೆರಾಬೈಟ್ ಕಳಿಸಲು 50 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲೂ ಎರಡು ದಿನದ ಹತ್ತಿರ ಬೇಕು. ಹಾಗಾಗಿ ಮೊದಲ ಪ್ರತಿಯನ್ನು ಹಾರ್ಡ್‌ಡಿಸ್ಕಿನಲ್ಲೇ ಕೊಂಡೊಯ್ದು, ಆಮೇಲೆ ಸೇರುವ ಹೊಸ ಕಡತಗಳನ್ನು ಮಾತ್ರ ಜಾಲಕ್ಕೆ ಬಿಡುವುದು ಜಾಣತನ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುವುದರಿಂದ, ಹಳೆಯ ಆವೃತ್ತಿಗಳನ್ನು ಉಳಿಸುವ ಸೆಟ್ಟಿಂಗನ್ನು ದೂರದ ಮನೆಯ ಯಂತ್ರದಲ್ಲಿ ಮೊದಲೇ ಆನ್ ಮಾಡಿರಬೇಕು.